ಶ್ರೀನಿವಾಸಪುರದಿಂದ ಒಂದು ದಿನದ ಇಬ್ರತ್ ಪ್ರಯಾಣ: ಮುಳಬಾಗಿಲು, ಬೂದಿಕೋಟೆ, ಕೋಲಾರ

ಭೂಮಿಯಲ್ಲಿ ಸಂಚರಿಸಬೇಕು, ಹಿಂದೆ ಬಾಳಿ ಹೋದವರ ಅಂತ್ಯ ಏನಾಯಿತೆಂದು ಕಣ್ಣಾರೆ ನೋಡಬೇಕು ಎಂಬ ಕರೆ ಪವಿತ್ರ ಕುರ್‌ಆನಿನಲ್ಲಿ ಒಂದಲ್ಲ, ಹಲವು ಕಡೆ ಬರುತ್ತದೆ. ಖುತ್ಬಾಗಳಲ್ಲಿ ಇದನ್ನು ಕೇಳಿದಾಗ ನಮ್ಮ ಮನಸ್ಸು ಆದ್, ಸಮೂದ್ ಜನಾಂಗಗಳ ಕಡೆಗೆ, ಫಿರ್‌ಔನನ ಈಜಿಪ್ಟಿನ ಕಡೆಗೆ ಹೋಗುತ್ತದೆ. ಆದರೆ ಇಬ್ರತ್ ಪಡೆಯಲು ಅಷ್ಟು ದೂರ ಹೋಗಬೇಕಾಗಿಲ್ಲ. ಯುದ್ಧ ನಡೆದ ಬಯಲು, ಔಲಿಯಾಗಳ ದರ್ಗಾ, ಬಂಡೆಗಳ ಬೆಟ್ಟ, ಒಂದು ರಾಜಮನೆತನದ ಹುಟ್ಟು ಮತ್ತು ಮಣ್ಣು, ಇವೆಲ್ಲವೂ ಶ್ರೀನಿವಾಸಪುರದಿಂದ ಬೆಳಿಗ್ಗೆ ಹೊರಟು ರಾತ್ರಿಯೊಳಗೆ ಮನೆ ಸೇರುವಷ್ಟು ಹತ್ತಿರದಲ್ಲಿವೆ.

ಇಂದು ನಮ್ಮ ಮಕ್ಕಳಿಗೆ ಹೈದರಾಲಿ ಮತ್ತು ಟಿಪ್ಪು ಸುಲ್ತಾನರ ಹೆಸರು ಗೊತ್ತಿರುವುದು ಹೆಚ್ಚಾಗಿ ಮೊಬೈಲಿನ ಜಗಳಗಳಿಂದ. ಒಬ್ಬರು ಹೊಗಳಿಕೆಯಲ್ಲಿ ಮಿತಿ ಮೀರುತ್ತಾರೆ, ಇನ್ನೊಬ್ಬರು ತೆಗಳಿಕೆಯಲ್ಲಿ. ಈ ಎರಡರ ನಡುವೆ ಆ ಮನುಷ್ಯರು ಎಲ್ಲಿ ಹುಟ್ಟಿದರು, ಹೇಗೆ ಬದುಕಿದರು, ಎಲ್ಲಿ ಮಣ್ಣಾದರು ಎಂಬ ಸಂಗತಿಗಳೇ ಮಕ್ಕಳಿಗೆ ತಲುಪುತ್ತಿಲ್ಲ. ಈ ಪ್ರಯಾಣದ ಉದ್ದೇಶ ಹೆಮ್ಮೆಯಲ್ಲ, ಪಾಠ. ಹಾಗೆಂದು ನಿಯ್ಯತ್ ಮಾಡಿಕೊಂಡು ಹೊರಡೋಣ.

ಊರಿನ ಹೆಸರೇ ಮೊದಲ ಪಾಠ

ವಾಹನ ಹತ್ತುವ ಮೊದಲೇ ಮಕ್ಕಳಿಗೆ ಒಂದು ಪ್ರಶ್ನೆ ಕೇಳಬಹುದು: ನಮ್ಮ ಊರಿಗೆ ಶ್ರೀನಿವಾಸಪುರ ಎಂಬ ಹೆಸರು ಹೇಗೆ ಬಂತು? ಈ ಊರಿನ ಹಳೆಯ ಹೆಸರು ಪಾಪನಪಲ್ಲಿ. ದಿವಾನ್ ಪೂರ್ಣಯ್ಯನವರು ತಮ್ಮ ಮಗ ಶ್ರೀನಿವಾಸಮೂರ್ತಿಯ ಹೆಸರನ್ನು ಇದಕ್ಕೆ ಇಟ್ಟರು ಎಂದು ಮೈಸೂರಿನ ಗೆಜೆಟಿಯರ್ ಹೇಳುತ್ತದೆ.

ಯಾರು ಈ ಪೂರ್ಣಯ್ಯ? ಹೈದರಾಲಿಯವರ ಖಜಾನೆಯ ಲೆಕ್ಕ ನೋಡಿಕೊಂಡವರು, ಆಮೇಲೆ ಟಿಪ್ಪು ಸುಲ್ತಾನರಿಗೂ ಮಂತ್ರಿಯಾಗಿದ್ದವರು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಬಾಲಕ ಮುಮ್ಮಡಿ ಕೃಷ್ಣರಾಜ ಒಡೆಯರ ದಿವಾನರಾಗಿ 1811ರವರೆಗೆ ರಾಜ್ಯ ನಡೆಸಿದರು. ಬ್ರಾಹ್ಮಣ ಮಂತ್ರಿಯೊಬ್ಬರ ಮಗನ ಹೆಸರು ನಮ್ಮ ಆಧಾರ್ ಕಾರ್ಡಿನ ವಿಳಾಸದಲ್ಲಿದೆ. ಆ ಮಂತ್ರಿ ಎರಡು ತಲೆಮಾರು ಸೇವೆ ಮಾಡಿದ್ದು ಮುಸ್ಲಿಮ್ ಅರಸರಿಗೆ. ಈ ಸಂಗತಿಯನ್ನು ಮಕ್ಕಳು ನೆನಪಿಟ್ಟುಕೊಳ್ಳಲಿ. ಸಂಜೆ ಕೋಲಾರದಲ್ಲಿ ಇದೇ ಪೂರ್ಣಯ್ಯನವರ ಮಾತು ಮತ್ತೆ ಬರುತ್ತದೆ.

ಬೆಳಿಗ್ಗೆ: ಮುಳಬಾಗಿಲಿನ ಬೆಟ್ಟ ಮತ್ತು ಒಂದು ಕೂಗು

ಫಜ್ರ್ ಮುಗಿಸಿ ಹೊರಟರೆ ಬಿಸಿಲೇರುವ ಮುನ್ನ ಮುಳಬಾಗಿಲು ತಲುಪಬಹುದು. ಮೂಡಲ ಬಾಗಿಲು, ಅಂದರೆ ಪೂರ್ವದ ಬಾಗಿಲು ಎಂಬುದೇ ಮುಳಬಾಗಿಲು ಆಯಿತು. ಇಲ್ಲಿಂದ ಮುಂದೆ ನಂಗಲಿ, ಅದರಾಚೆ ಪಲಮನೇರು, ಚಿತ್ತೂರು; ಅಲ್ಲಿಂದ ಘಟ್ಟದ ಕೆಳಗಿನ ಸೀಮೆ. ತಮಿಳು ನಾಡಿನಿಂದ ಮೈಸೂರಿನ ಪ್ರಸ್ಥಭೂಮಿಗೆ ಏರಿ ಬರುವ ದಂಡುಗಳಿಗೆ ಈ ಭಾಗ ಹೆಬ್ಬಾಗಿಲಾಗಿತ್ತು. ಊರಿನ ಮೇಲೆ ನಿಂತಿರುವ ಬೆಟ್ಟವನ್ನು ನೋಡಿದರೆ ಸಾಕು, ಇಲ್ಲಿ ಕೋಟೆ ಏಕೆ ಕಟ್ಟಿದರು ಎಂಬುದು ಅರ್ಥವಾಗುತ್ತದೆ. ಬಂಡೆಯ ಮೇಲೆ ಬಂಡೆ ಕೂತಿದೆ. ಕೆಳಗೆ ಕೆರೆಗಳು, ತೋಪುಗಳು, ದೂರದಲ್ಲಿ ಆವಣಿಯ ಬೆಟ್ಟ.

1768ರಲ್ಲಿ, ಮೊದಲನೆಯ ಮೈಸೂರು ಯುದ್ಧದ ಸಮಯದಲ್ಲಿ, ಇಂಗ್ಲಿಷ್ ಕಂಪನಿಯ ಸೇನೆ ಕೋಲಾರ ಮತ್ತು ಮುಳಬಾಗಿಲನ್ನು ಹಿಡಿಯಿತು. ಹೈದರಾಲಿಯವರು ಕೋಟೆಯ ಕಾವಲಿಗಿದ್ದವನನ್ನು ಒಲಿಸಿಕೊಂಡು ಮುಳಬಾಗಿಲನ್ನು ಮರಳಿ ಪಡೆದರು. ಅದನ್ನು ಮತ್ತೆ ಗೆಲ್ಲಲು ಕರ್ನಲ್ ವುಡ್ ಎಂಬ ಅಧಿಕಾರಿ ಬಂದ. 1768ರ ಅಕ್ಟೋಬರ್ 4ರಂದು ಸಣ್ಣ ಚಕಮಕಿಯಾಗಿ ಶುರುವಾದದ್ದು ದೊಡ್ಡ ಯುದ್ಧವೇ ಆಯಿತು. ಹೈದರಾಲಿಯವರ ದೊಡ್ಡ ಸೇನೆಯ ಮುಂದೆ ವುಡ್‌ನ ಪಡೆ ಬಂಡೆಗಳ ನಡುವೆ ಸಿಕ್ಕಿ ಸೋಲುವ ಸ್ಥಿತಿಗೆ ಬಂತು.

ಆಗ ಸಾಮಾನು ಸರಂಜಾಮಿನ ಕಾವಲಿಗಿದ್ದ ಕ್ಯಾಪ್ಟನ್ ಬ್ರೂಕ್ ಎಂಬವನು ಎರಡು ಫಿರಂಗಿಗಳನ್ನು ಬಳಸು ದಾರಿಯಿಂದ ಒಂದು ಬಂಡೆಯ ಮೇಲಕ್ಕೆ ಸಾಗಿಸಿದ. ಅಲ್ಲಿಂದ ಗುಂಡು ಹಾರಿಸುತ್ತಾ "ಸ್ಮಿತ್! ಸ್ಮಿತ್!" ಎಂದು ತನ್ನ ಜನರಿಂದ ಕೂಗಿಸಿದ. ಕರ್ನಲ್ ಸ್ಮಿತ್ ಕಂಪನಿಯ ಮುಖ್ಯ ಸೇನಾಪತಿ. ಅವನ ದೊಡ್ಡ ದಂಡು ಬಂದೇ ಬಿಟ್ಟಿತೆಂದು ಮೈಸೂರಿನ ಸೈನಿಕರು ಹಿಂಜರಿದರು. ಕಂಪನಿಯ ಸಿಪಾಯಿಗಳೂ ಅದನ್ನೇ ನಂಬಿ ಧೈರ್ಯ ತಂದುಕೊಂಡರು. ಸ್ಮಿತ್ ಬಂದಿರಲಿಲ್ಲ. ಒಂದು ಸುಳ್ಳು ಕೂಗು ಆ ದಿನದ ಯುದ್ಧದ ದಿಕ್ಕು ಬದಲಿಸಿತು. ಆದರೂ ಕೋಟೆ ಮಾತ್ರ ಹೈದರಾಲಿಯವರ ಕೈಯಲ್ಲೇ ಉಳಿಯಿತು.

ಸುದ್ದಿ ಬಂದರೆ ಮೊದಲು ವಿಚಾರಿಸಿ ತಿಳಿಯಬೇಕು, ಇಲ್ಲವಾದರೆ ಅರಿಯದೆ ಯಾರಿಗೋ ಹಾನಿ ಮಾಡಿ ಪಶ್ಚಾತ್ತಾಪ ಪಡಬೇಕಾಗುತ್ತದೆ ಎಂದು ಸೂರಾ ಅಲ್ ಹುಜುರಾತ್ ನಮಗೆ ಕಲಿಸುತ್ತದೆ. ಯುದ್ಧಭೂಮಿಯಲ್ಲಿ ಶತ್ರುವಿನ ಕೂಗನ್ನು ಪರೀಕ್ಷಿಸಲು ಸಮಯವಿರುವುದಿಲ್ಲ. ಮನೆಯಲ್ಲಿ ಕುಳಿತು ವಾಟ್ಸಾಪ್ ಸಂದೇಶ ಮುಂದಕ್ಕೆ ಕಳಿಸುವ ನಮಗೆ ಆ ನೆಪವಿಲ್ಲ. ಬೆಟ್ಟದ ನೆರಳಿನಲ್ಲಿ ಮಕ್ಕಳನ್ನು ಕೂರಿಸಿ ಈ ಮಾತನ್ನು ಹೇಳಿದರೆ, ಹತ್ತು ಉಪನ್ಯಾಸಗಳಿಗಿಂತ ಹೆಚ್ಚು ನಾಟುತ್ತದೆ.

ಯುದ್ಧದ ಕಥೆಯನ್ನು ಗೆಲುವು ಸೋಲುಗಳಲ್ಲಿ ಮುಗಿಸಬಾರದು. ಈ ಸೀಮೆ 1768ರಲ್ಲಿ ಇಂಗ್ಲಿಷರ ಕೈಗೆ ಹೋಯಿತು, 1770ರಲ್ಲಿ ಮರಾಠರ ಕೈಗೆ ಹೋಯಿತು, 1791ರಲ್ಲಿ ಕಾರ್ನ್‌ವಾಲಿಸ್‌ನ ಸೇನೆ ಇದೇ ಕೋಲಾರದ ಮೇಲಿಂದ ಬೆಂಗಳೂರಿಗೆ ನಡೆಯಿತು. ಆ ಕಾಲದ ದಂಡಿನ ಹಿಂದೆ ಸಾವಿರಾರು ಎತ್ತುಗಳು, ಕುದುರೆಗಳು ಇರುತ್ತಿದ್ದವು. ಅವುಗಳ ಮೇವು ಯಾರ ಹೊಲದಿಂದ ಬಂತು? ಸಿಪಾಯಿಗಳ ಹೊಟ್ಟೆಗೆ ಯಾರ ಕಣಜದ ರಾಗಿ ಹೋಯಿತು? ಫಲ ಬಿಡುವ ಮರಗಳನ್ನು ಕಡಿಯಬಾರದು, ಹೆಂಗಸರು, ಮಕ್ಕಳು, ಮುದುಕರನ್ನು ಮುಟ್ಟಬಾರದು ಎಂದು ಖಲೀಫಾ ಅಬೂಬಕ್ಕರ್(ರ) ತಮ್ಮ ಸೇನಾನಿಗೆ ಕಟ್ಟಪ್ಪಣೆ ಮಾಡಿದ್ದರು. ಮಾವಿನ ಊರಿನವರಾದ ನಮಗೆ ಒಂದು ತೋಪು ಬೆಳೆಸಲು ಎಷ್ಟು ವರ್ಷ ಬೇಕೆಂಬುದು ಗೊತ್ತು. ಆ ಅಪ್ಪಣೆಯ ಬೆಲೆ ನಮಗೆ ಬೇರೆಯವರು ತಿಳಿಸಬೇಕಾಗಿಲ್ಲ.

ಬೆಟ್ಟ ಇಳಿದು ಹಝ್ರತ್ ಬಾಬಾ ಹೈದರ್ ವಲಿ(ರ)ಯವರ ದರ್ಗಾಕ್ಕೆ ಹೋಗಬಹುದು. ಹಿಂದೂಗಳೂ ಮುಸ್ಲಿಮರೂ ಬರುವ ಸ್ಥಳವಿದು. ಸಲಾಮ್ ಹೇಳಿ, ಫಾತಿಹಾ ಓದಿ, ದುಆ ಮಾಡುವಾಗ ನಮ್ಮ ಬೇಡಿಕೆ ಅಲ್ಲಾಹನಲ್ಲಿ ಮಾತ್ರ ಎಂಬುದನ್ನು ಚಿಕ್ಕವರಿಗೆ ಮೆಲ್ಲಗೆ ತಿಳಿಸಿ. ಇದೇ ಊರಿನಲ್ಲಿ ಹನುಮನ ಪ್ರಾಚೀನ ದೇವಾಲಯವಿದೆ. ಪಕ್ಕದಲ್ಲೇ ನರಸಿಂಹತೀರ್ಥದಲ್ಲಿ ವ್ಯಾಸರಾಯರ ಗುರುಗಳಾದ ಶ್ರೀಪಾದರಾಜರ ಬೃಂದಾವನವಿದೆ. ನೆರೆಯವರ ಪೂಜ್ಯ ಸ್ಥಳಗಳ ಹೆಸರು, ಚರಿತ್ರೆ ತಿಳಿದಿರುವುದು ಒಳ್ಳೆಯ ನೆರೆಯವನ ಲಕ್ಷಣ.

ಮಧ್ಯಾಹ್ನ: ಬೂದಿಕೋಟೆಯ ಅನಾಥ ಬಾಲಕ

ಮುಳಬಾಗಿಲಿನಿಂದ ಬೇತಮಂಗಲ, ಕೆ.ಜಿ.ಎಫ್., ಬಂಗಾರಪೇಟೆ ದಾರಿಯಲ್ಲಿ ಬೂದಿಕೋಟೆಗೆ ಹೋಗಬೇಕು. ಹೈದರಾಲಿಯವರು ಹುಟ್ಟಿದ್ದು ಇಲ್ಲೇ, 1720ರ ಆಸುಪಾಸಿನಲ್ಲಿ. ಅವರ ತಂದೆ ಫತೇ ಮುಹಮ್ಮದ್ ಸಾಮಾನ್ಯ ಕಾಲಾಳಾಗಿ ಸೇರಿ, ಶೌರ್ಯದಿಂದ ಮೇಲೇರಿ, ಶಿರಾದ ಮೊಗಲ್ ಸುಬೇದಾರನ ಕೈಕೆಳಗೆ ಕೋಲಾರದ ಫೌಜುದಾರರಾದರು. ಬೂದಿಕೋಟೆ ಅವರಿಗೆ ಸಿಕ್ಕ ಜಹಗೀರು.

ಅರಮನೆಯಲ್ಲಿ ಹುಟ್ಟಿದ ಸುಲ್ತಾನನ ಕಥೆ ಇದೆಂದು ಮಕ್ಕಳು ಭಾವಿಸಬಹುದು. ಹಾಗಲ್ಲ. ಫತೇ ಮುಹಮ್ಮದ್ ಯುದ್ಧವೊಂದರಲ್ಲಿ ಮಡಿದಾಗ ಹೈದರ್ ಇನ್ನೂ ಎಳೆಯ ಬಾಲಕ. ತಂದೆಯ ಸಾಲದ ನೆಪ ಹೇಳಿ ದೊಡ್ಡಬಳ್ಳಾಪುರದ ಜಹಗೀರುದಾರ ಅಬ್ಬಾಸ್ ಕುಲಿ ಖಾನ್ ಕುಟುಂಬದ ಆಸ್ತಿಯನ್ನೆಲ್ಲ ಕಿತ್ತುಕೊಂಡ. ಸಾಲದೆಂಬಂತೆ ಹೈದರನನ್ನೂ ಅಣ್ಣ ಶಹಬಾಝನನ್ನೂ ನಗಾರಿಯೊಳಗೆ ಕೂರಿಸಿ, ಚರ್ಮ ಬಿಗಿದು ಹಿಂಸೆ ಕೊಡಿಸಿದ ಎಂದು ಇತಿಹಾಸಕಾರ ವಿಲ್ಕ್ಸ್ ಬರೆದಿದ್ದಾರೆ. ತಾಯಿ ಇದ್ದಬದ್ದದ್ದನ್ನೆಲ್ಲ ಕೊಟ್ಟು ಮಕ್ಕಳನ್ನು ಬಿಡಿಸಿಕೊಂಡು ಬಂಧುಗಳ ಆಸರೆಗೆ ಹೋದರು. ಓದು ಬರಹ ಕಲಿಯುವ ಭಾಗ್ಯ ಆ ಹುಡುಗನಿಗೆ ಸಿಗಲೇ ಇಲ್ಲ. ಮುಂದೆ ರಾಜ್ಯವಾಳಿದರೂ ಓದಲು ಬಾರದು. ನೆನಪಿನ ಶಕ್ತಿ ಮಾತ್ರ ಅಸಾಧಾರಣ.

ಅನಾಥರ ಸೊತ್ತನ್ನು ತಿನ್ನುವವರ ಬಗ್ಗೆ ಸೂರಾ ಅನ್ನಿಸಾ ಕೊಡುವ ಎಚ್ಚರಿಕೆ ನಮಗೆ ಗೊತ್ತಿದೆ. ಮರಣದ ಮನೆಯಲ್ಲಿ ಸಾಲ, ಪಾಲು, ದಾಯಭಾಗಗಳ ವಿಷಯ ಬಂದಾಗ ನಮ್ಮ ಕುಟುಂಬಗಳಲ್ಲಿ ಇಂದಿಗೂ ವಿಧವೆಯ, ಎಳೆಯ ಮಕ್ಕಳ ಹಕ್ಕು ತುಳಿಯಲ್ಪಡುತ್ತದೆ. ಬೂದಿಕೋಟೆಯ ಬಂಡೆಗಳ ನಡುವೆ ನಿಂತು ಹೈದರಾಲಿಯವರ ದಂಡಯಾತ್ರೆಗಳನ್ನು ನೆನೆಯುವವರು, ಆ ತಾಯಿಯನ್ನೂ ನೆನೆಯಲಿ.

ಸಂಜೆ: ಕೋಲಾರದಲ್ಲಿ ಎರವಲು ಪಡೆದ ಕಬರ್

ಅಸ್ರ್ ವೇಳೆಗೆ ಕೋಲಾರ. ಊರಿನ ಬೆನ್ನಿಗೆ ಶತಶೃಂಗ ಬೆಟ್ಟಸಾಲು, ಅದರ ಮಡಿಲಲ್ಲಿ ನೀರು ಹರಿಯುವ ಅಂತರಗಂಗೆ. ಊರೊಳಗೆ ಫತೇ ಮುಹಮ್ಮದ್ ಮತ್ತು ಅವರ ಕುಟುಂಬದವರ ಮಖ್ಬರಾ. ಶ್ರೀರಂಗಪಟ್ಟಣದ ಗುಂಬಝ್ ನೋಡಲು ಬಸ್ಸುಗಟ್ಟಲೆ ಜನ ಹೋಗುತ್ತಾರೆ, ಇಲ್ಲಿಗೆ ಬರುವವರು ಕಡಿಮೆ. ಆದರೆ ಈ ಇಡೀ ಪ್ರಯಾಣದ ತಿರುಳು ಇಲ್ಲಿದೆ.

1769ರಲ್ಲಿ ಮದರಾಸಿನ ಬಾಗಿಲವರೆಗೆ ಹೋಗಿ ಹೈದರಾಲಿಯವರು ಕಂಪನಿಯಿಂದ ಒಪ್ಪಂದ ಪಡೆದಿದ್ದರು: ಯಾರಾದರೂ ದಾಳಿ ಮಾಡಿದರೆ ಒಬ್ಬರಿಗೊಬ್ಬರು ನೆರವಾಗಬೇಕು. ಮರಾಠರು ಏರಿ ಬಂದಾಗ ಕಂಪನಿ ನೆರವಿಗೆ ಬರಲಿಲ್ಲ. ಮಾತು ಮುರಿದ ಆ ನೋವೂ ಸೇರಿ 1780ರಲ್ಲಿ ಎರಡನೆಯ ಯುದ್ಧ ಹೊತ್ತಿಕೊಂಡಿತು. ಯುದ್ಧ ನಡೆಯುತ್ತಿರುವಾಗಲೇ, 1782ರ ಡಿಸೆಂಬರ್ 7ರಂದು, ಚಿತ್ತೂರಿನ ಬಳಿಯ ನರಸಿಂಗರಾಯನಪೇಟೆಯ ಬಿಡಾರದಲ್ಲಿ ಬೆನ್ನಿನ ಹುಣ್ಣಿನಿಂದ ಹೈದರಾಲಿಯವರು ತೀರಿಕೊಂಡರು. ಟಿಪ್ಪು ಆಗ ದೂರದ ಮಲಬಾರಿನಲ್ಲಿದ್ದರು. ಸುದ್ದಿ ಹೊರಬಿದ್ದರೆ ಸೇನೆ ಒಡೆಯುವ ಭಯ.

ಆಗ ಗುಟ್ಟು ಕಾಯ್ದವರು ಪೂರ್ಣಯ್ಯ, ಕೃಷ್ಣರಾವ್ ಮೊದಲಾದ ಮಂತ್ರಿಗಳು. ಖಜಾನೆಯ ಪೆಟ್ಟಿಗೆ ಸಾಗಿಸುವಂತೆ ತೋರಿಸಿ, ಸುಗಂಧ ದ್ರವ್ಯ ತುಂಬಿದ ಪೆಟ್ಟಿಗೆಯಲ್ಲಿ ಮಯ್ಯತ್ತನ್ನು ಕೋಲಾರಕ್ಕೆ ಕಳಿಸಿದರು. ಬಿಡಾರದಲ್ಲಿ ನಿತ್ಯದ ಕೆಲಸಗಳು ಎಂದಿನಂತೆ ನಡೆದವು. ಟಿಪ್ಪುವಿನ ತಮ್ಮ ಅಬ್ದುಲ್ ಕರೀಮರನ್ನು ಗದ್ದುಗೆಗೆ ಏರಿಸಲು ಒಂದು ಪಿತೂರಿ ನಡೆಯಿತು, ಅದನ್ನೂ ಅಡಗಿಸಿದರು. ಟಿಪ್ಪು ಬಂದು ಸೇರುವವರೆಗೆ ಸೇನೆ, ಖಜಾನೆ ಎರಡೂ ಕದಲಲಿಲ್ಲ.

ಹೀಗೆ ಮೈಸೂರಿನ ಒಡೆತನ ಪಡೆದವರ ಮಯ್ಯತ್ ಸದ್ದಿಲ್ಲದೆ ಕೋಲಾರಕ್ಕೆ ಬಂದು, ತಂದೆಯ ಕಬರಿನ ಬಳಿ ತಾತ್ಕಾಲಿಕವಾಗಿ ಮಣ್ಣಿನ ಆಸರೆ ಪಡೆಯಿತು. ಆಮೇಲೆ ಅದನ್ನು ಶ್ರೀರಂಗಪಟ್ಟಣಕ್ಕೆ ಸಾಗಿಸಲಾಯಿತು. ಮಗ ಕಟ್ಟಿಸಿದ ಆ ಗುಂಬಝಿನಲ್ಲೇ, 1799ರ ಮೇ 4ರಂದು ಮಡಿದ ಟಿಪ್ಪು ಕೂಡ ತಂದೆ ತಾಯಿಯ ಪಕ್ಕ ಮಲಗಿದರು. ಕಬರ್‌ಗಳ ಝಿಯಾರತ್ ಪರಲೋಕವನ್ನು ನೆನಪಿಸುತ್ತದೆ ಎಂದು ಪ್ರವಾದಿ(ಸ) ಕಲಿಸಿದರು. ದಂಡು, ಆನೆ, ಫಿರಂಗಿ ಎಲ್ಲವನ್ನೂ ಕಂಡವರಿಗೂ ಕಡೆಗೆ ಸಿಕ್ಕದ್ದು ಆರಡಿ ಜಾಗ, ಅದೂ ಕೆಲಕಾಲಕ್ಕೆ ಎರವಲು.

ಇನ್ನು ಅಮಾನತ್. ಸತ್ತ ಒಡೆಯನ ಗುಟ್ಟು, ಖಜಾನೆಯ ಬೀಗದ ಕೈ, ಬರಬೇಕಾದ ವಾರಸುದಾರ: ಇಷ್ಟನ್ನೂ ನಂಬಿಕೆಯಿಂದ ಕಾಯ್ದವರ ಮಗನ ಹೆಸರು ನಮ್ಮ ಊರಿಗಿದೆ. ಅದೇ ಪೂರ್ಣಯ್ಯ 1799ರ ನಂತರ ಹೊಸ ವ್ಯವಸ್ಥೆಗೂ ದಿವಾನರಾದರು ಎಂದು ಮಕ್ಕಳು ಪ್ರಶ್ನಿಸಬಹುದು. ಪ್ರಶ್ನಿಸಲಿ. ಮನುಷ್ಯರು ಒಂದೇ ಬಣ್ಣದವರಲ್ಲ. ಸತ್ತವರ ಅಂತರಂಗದ ತೀರ್ಪು ಅಲ್ಲಾಹನದ್ದು. ನಮ್ಮ ಕೆಲಸ ನಡೆದದ್ದನ್ನು ನ್ಯಾಯವಾಗಿ ಹೇಳುವುದು.

ಹೊರಡುವವರಿಗೆ ಕೆಲವು ಸಲಹೆಗಳು

ಒಟ್ಟು ಸುತ್ತು ಹೆಚ್ಚುಕಡಿಮೆ 150 ಕಿಲೋಮೀಟರ್. ಜುಮಾ ದಿನ ಬೇಡ, ಭಾನುವಾರ ಅನುಕೂಲ. ಬಂಡೆಗಳ ಬೆಟ್ಟಕ್ಕೆ ಬೇಸಿಗೆಗಿಂತ ನವೆಂಬರ್‌ನಿಂದ ಫೆಬ್ರವರಿವರೆಗಿನ ತಂಪು ಹೊತ್ತು ಒಳ್ಳೆಯದು. ವಯಸ್ಸಾದವರು ಮುಳಬಾಗಿಲಿನಲ್ಲಿ ಕೆಳಗೇ ಕುಳಿತು ಬೆಟ್ಟ ನೋಡಿದರೂ ನಷ್ಟವಿಲ್ಲ.

ನಮಾಝ್ ವಿಷಯದಲ್ಲಿ ಗಮನವಿರಲಿ. ಹನಫಿ ಮಝ್‌ಹಬಿನಲ್ಲಿ ಕಸ್ರ್ ಮಾಡಲು ಒಂದು ದಿಕ್ಕಿಗೆ ಸುಮಾರು 77 ಕಿಲೋಮೀಟರ್ ದೂರವಿರಬೇಕು. ಈ ಸುತ್ತಿನ ಯಾವ ಊರೂ ಶ್ರೀನಿವಾಸಪುರದಿಂದ ಅಷ್ಟು ದೂರವಿಲ್ಲ. ಆದ್ದರಿಂದ ಪೂರ್ಣ ನಮಾಝ್ ಮಾಡಬೇಕು. ಸಂಶಯವಿದ್ದರೆ ಮೊದಲೇ ಇಮಾಮರನ್ನು ಕೇಳಿಕೊಳ್ಳಿ. ಮಹಿಳೆಯರಿಗೆ ಎಲ್ಲಿ ನಮಾಝ್ ಮಾಡಲು ಸ್ಥಳವಿದೆ ಎಂದು ಹಿಂದಿನ ದಿನವೇ ವಿಚಾರಿಸಿಟ್ಟರೆ ಅಸ್ರ್ ತಪ್ಪುವುದಿಲ್ಲ.

ದಾರಿ ತೋರಿಸಲು ಇತಿಹಾಸ ಓದಿದ ನಿವೃತ್ತ ಮೇಷ್ಟ್ರೊಬ್ಬರನ್ನು ಕರೆದುಕೊಂಡು ಹೋಗಿ. ಅವರಿಗೆ ಒಂದೇ ಷರತ್ತು: ದಾಖಲೆಯಲ್ಲಿರುವುದನ್ನು ದಾಖಲೆ ಎಂದೂ, ಜನ ಹೇಳುವುದನ್ನು ಜನ ಹೇಳುವ ಮಾತು ಎಂದೂ ಬೇರೆ ಬೇರೆಯಾಗಿ ತಿಳಿಸಬೇಕು. "ಬ್ರೂಕ್ ಕೂಗಿಸಿದ್ದು ಇದೇ ಬಂಡೆಯ ಮೇಲಿಂದ" ಎಂದು ಬೆರಳು ತೋರಿಸುವವರು ಸಿಕ್ಕರೆ, ಹುಜುರಾತಿನ ಪಾಠವನ್ನು ಅಲ್ಲೇ ಜಾರಿಗೆ ತರಬಹುದು.

ಎಲ್ಲಿಯೂ ಪ್ಲಾಸ್ಟಿಕ್ ಬಿಡಬೇಡಿ, ಬಂಡೆಗಳ ಮೇಲೆ ಹೆಸರು ಬರೆಯಬೇಡಿ. ಕಬರ್‌ಗಳ ಮೇಲೆ ಹತ್ತಿ ಫೋಟೋ ತೆಗೆಯುವುದಂತೂ ಬೇಡವೇ ಬೇಡ.

ನಮಗಿಂತ ಮುಂಚೆ ಈ ಮಣ್ಣಿನಲ್ಲಿ ಬಾಳಿದ ಎಲ್ಲ ಸತ್ಯವಿಶ್ವಾಸಿಗಳನ್ನು ಅಲ್ಲಾಹನು ಕ್ಷಮಿಸಲಿ. ಕೇಳಿದ ಸುದ್ದಿಯನ್ನು ವಿಚಾರಿಸುವ ಬುದ್ಧಿಯನ್ನೂ, ಅನಾಥರ ಹಕ್ಕನ್ನು ಕಾಯುವ ಭಯವನ್ನೂ, ಅಮಾನತನ್ನು ಒಪ್ಪಿಸುವ ಪ್ರಾಮಾಣಿಕತೆಯನ್ನೂ ನಮಗೂ ನಮ್ಮ ಮಕ್ಕಳಿಗೂ ದಯಪಾಲಿಸಲಿ. ಆಮೀನ್.