ಉಪ್ಪಿನಲ್ಲೇ ಬದುಕುವ ಜೀವಿಯ ಜೀನೋಮ್: ಸದಸ್ಯರಿಗೆ ಮಾಹಿತಿ

ಆಲೂರು, ಆದೋನಿ ಭಾಗದ ಕಾಲುವೆ ಬಯಲಿನ ಕೆಲವು ಸದಸ್ಯರು, "ಚೌಳು ತಿನ್ನುವ ಬ್ಯಾಕ್ಟೀರಿಯಾ ಇದೆಯಂತೆ, ಹೊಲಕ್ಕೆ ಹಾಕಿದರೆ ಉಪ್ಪು ಹೋಗುತ್ತದಂತೆ, ನಿಜವೇ?" ಎಂದು ಕೇಳಿದ್ದಾರೆ. ಹಣ ಕೊಡುವ ಮೊದಲು ತಿಳಿದಿರಬೇಕಾದ ವಿಷಯಗಳನ್ನು ಇಲ್ಲಿ ಕೊಟ್ಟಿದ್ದೇವೆ.

ಜೀವಿ ಯಾವುದು?
ಉಪ್ಪುಪ್ರಿಯ ಜೀವಿಗಳಲ್ಲಿ ಹೆಚ್ಚು ಅಧ್ಯಯನವಾಗಿರುವುದು ಹ್ಯಾಲೊಬ್ಯಾಕ್ಟೀರಿಯಂ. ಉಪ್ಪಿನ ಗದ್ದೆಗಳನ್ನೂ ಉಪ್ಪು ಹಚ್ಚಿದ ಮೀನು, ತೊಗಲನ್ನೂ ಕೆಂಪಾಗಿಸುವುದು ಇಂಥ ಜೀವಿಗಳೇ. ಹೆಸರಿನಲ್ಲಿ ಬ್ಯಾಕ್ಟೀರಿಯಂ ಎಂದಿದ್ದರೂ ಇದು ಆರ್ಕಿಯಾ ಎಂಬ ಬೇರೆ ಗುಂಪಿಗೆ ಸೇರಿದೆ. ಆ ಗುಂಪನ್ನು 1977ರಲ್ಲಿ ಕಾರ್ಲ್ ವೋಸ್ ಮತ್ತು ಜಾರ್ಜ್ ಫಾಕ್ಸ್ ಗುರುತಿಸಿದರು. ಸಮುದ್ರದ ನೀರಿನಲ್ಲಿ ಲೀಟರಿಗೆ ಸುಮಾರು 35 ಗ್ರಾಂ ಉಪ್ಪು. ಈ ಜೀವಿ ಚೆನ್ನಾಗಿ ಬೆಳೆಯಲು ಸುಮಾರು 250 ಗ್ರಾಂ ಬೇಕು. ಸಿಹಿನೀರಿಗೆ ಹಾಕಿದರೆ ಒಡೆದು ಸಾಯುತ್ತದೆ.

ಜೀನೋಮ್ ಓದಿದ್ದು ಹೇಗೆ?
ಒಂದೇ ಕಡತದ ಹಲವು ಪ್ರತಿಗಳನ್ನು ಹರಿದು ಚೂರು ಮಾಡಿ, ಒಂದು ಚೂರಿನ ಕೊನೆಯ ಸಾಲು ಇನ್ನೊಂದರ ಮೊದಲ ಸಾಲಿಗೆ ಹೊಂದುವುದನ್ನು ನೋಡಿ ಮತ್ತೆ ಜೋಡಿಸಿದಂತೆ. ಡಿಎನ್ಎಯನ್ನೂ ಹೀಗೆಯೇ ಚೂರು ಮಾಡಿ ಓದಿ, ಕಂಪ್ಯೂಟರಿನಲ್ಲಿ ಜೋಡಿಸುತ್ತಾರೆ. ಒಂದೇ ಷರಾ ಹಲವು ಪುಟಗಳಲ್ಲಿದ್ದರೆ ಯಾವ ಚೂರು ಯಾವ ಪುಟದ್ದೆಂದು ತಿಳಿಯದು. ಈ ಜೀನೋಮಿನಲ್ಲಿ ಜಾಗ ಬದಲಿಸಬಲ್ಲ ಅಂಥ 91 ತುಣುಕುಗಳಿದ್ದವು.

ಸಿಕ್ಕಿದ್ದೇನು?
ಭಾರತ ಮೂಲದ ವಿಜ್ಞಾನಿ ಶಿಲಾದಿತ್ಯ ದಾಸಶರ್ಮ, ಅಮೆರಿಕದ ಲೆರಾಯ್ ಹುಡ್ ಮೊದಲಾದವರ ತಂಡ ಎನ್ಆರ್‌ಸಿ-1 ಎಂಬ ತಳಿಯ ಜೀನೋಮನ್ನು 2000ದಲ್ಲಿ ಪ್ರಕಟಿಸಿತು. ಒಂದು ದೊಡ್ಡ ವರ್ಣತಂತು, ಎರಡು ಚಿಕ್ಕವು. ಒಟ್ಟು 25,71,010 ಅಕ್ಷರ ಜೋಡಿಗಳು. ಅಂದಾಜಿಸಿದ ಪ್ರೋಟೀನುಗಳು 2,630. ಅವುಗಳಲ್ಲಿ ಶೇ. 36ರಷ್ಟು ಆವರೆಗೆ ತಿಳಿದಿದ್ದ ಯಾವ ಪ್ರೋಟೀನನ್ನೂ ಹೋಲುತ್ತಿರಲಿಲ್ಲ.

ಉಪ್ಪು ಸವರಿದ ಮಾವಿನಕಾಯಿ ಹೋಳು ನೀರು ಬಿಡುವುದು ಎಲ್ಲರಿಗೂ ಗೊತ್ತು. ಈ ಜೀವಿ ಹಾಗೆ ಬತ್ತುವುದಿಲ್ಲ. ತನ್ನೊಳಗೇ ಪೊಟ್ಯಾಸಿಯಂ ಲವಣ ತುಂಬಿಕೊಂಡು ಹೊರಗಿನ ಉಪ್ಪಿಗೆ ಸಮ ಮಾಡಿಕೊಳ್ಳುತ್ತದೆ. ಅದರ ಪ್ರೋಟೀನುಗಳಲ್ಲಿ ಆಮ್ಲೀಯ ಘಟಕಗಳು ಹೆಚ್ಚು. ಆದ್ದರಿಂದ ಅವು ಅಷ್ಟು ಉಪ್ಪಿನಲ್ಲೂ ಕೆಡದೆ ಕೆಲಸ ಮಾಡುತ್ತವೆ. ಇದು ಜೀನೋಮಿನಲ್ಲಿ ಸ್ಪಷ್ಟವಾಗಿ ಕಂಡಿತು.

ನಮ್ಮ ಹೊಲಕ್ಕೆ?
ಈ ಜೀವಿ ಉಪ್ಪನ್ನು ತಿಂದು ಮುಗಿಸುವುದಿಲ್ಲ, ಉಪ್ಪಿನಲ್ಲಿ ಬದುಕುತ್ತದೆ, ಅಷ್ಟೇ. ಅದು ಸತ್ತರೆ ಒಳಗಿನ ಲವಣವೂ ಮಣ್ಣಿಗೇ ಸೇರುತ್ತದೆ. ಹೊಲದ ಉಪ್ಪು ಹೋಗಬೇಕಾದರೆ ಒಳ್ಳೆಯ ನೀರಿನಲ್ಲಿ ತೊಳೆದು, ಆ ನೀರು ಬಸಿದು ಹೊರಗೆ ಹೋಗಬೇಕು. ಬಸಿಗಾಲುವೆ ಇಲ್ಲದೆ ನೀರು ಕಟ್ಟಿದರೆ ಚೌಳು ಮತ್ತೆ ಮೇಲೇಳುತ್ತದೆ. ಕ್ಷಾರ ಮಣ್ಣಾದರೆ ಜಿಪ್ಸಂ ಬೇಕಾಗುತ್ತದೆ. ಯಾವುದೆಂದು ಮಣ್ಣು ಪರೀಕ್ಷೆಯೇ ಹೇಳಬೇಕು. ತುಂಗಭದ್ರಾ ಅಚ್ಚುಕಟ್ಟಿನ ಇಂಥ ಮಣ್ಣಿನ ಬಗ್ಗೆ ಗಂಗಾವತಿಯ ಕೃಷಿ ಸಂಶೋಧನಾ ಕೇಂದ್ರದಲ್ಲಿ ಅಧ್ಯಯನ ನಡೆದಿದೆ.

ಪರೀಕ್ಷೆಯ ವರದಿ ತೆಲುಗಿನಲ್ಲಿದ್ದು ಓದಲು ಕಷ್ಟವಾದವರು ಸಂಘದ ಕಚೇರಿಗೆ ತನ್ನಿ; ಕನ್ನಡದಲ್ಲಿ ಓದಿ ಹೇಳುತ್ತೇವೆ. ಅಲ್ಲಿಯವರೆಗೆ ಪುಡಿಯ ಪೊಟ್ಟಣಕ್ಕೆ ದುಡ್ಡು ಹಾಕಬೇಡಿರೆಂದು ವಿನಂತಿ.

– ಕಾರ್ಯದರ್ಶಿ