ಅಂಕಪಟ್ಟಿಯ ನೆರಳಿನಲ್ಲಿ ನಮ್ಮ ಮನೆಗಳು



ಮಾರ್ಚ್ ತಿಂಗಳು ಬಂತೆಂದರೆ ಹದಿಹರೆಯದ ಮಕ್ಕಳಿರುವ ಮನೆಗಳ ದಿನಚರಿಯೇ ಬದಲಾಗುತ್ತದೆ. ಟಿ.ವಿ.ಯ ಸದ್ದು ಅಡಗುತ್ತದೆ. ಬಂಧುಗಳ ಮನೆಯ ಮದುವೆಗೆ ತಂದೆಯೊಬ್ಬರೇ ಹೋಗಿಬರುತ್ತಾರೆ. ತಾಯಿ ಬೆಳಗಿನ ಜಾವವೇ ಎದ್ದು ಓದಲು ಕುಳಿತ ಮಗಳಿಗೆ ಕಾಫಿ ಕಾಸಿಕೊಡುತ್ತಾರೆ. ನಮಗೆ ಅದು ತಪಸ್ಸುಕಾಲವೂ ಹೌದು. 2024ರಲ್ಲಿ ಎಸ್.ಎಸ್.ಎಲ್.ಸಿ. ಪರೀಕ್ಷೆ ಆರಂಭವಾದದ್ದು ಮಾರ್ಚ್ 25ರಂದು, ಪವಿತ್ರ ವಾರದ ಸೋಮವಾರ. 29ರಂದು ಶುಭ ಶುಕ್ರವಾರ. ಮರುದಿನವೇ ವಿಜ್ಞಾನದ ಪ್ರಶ್ನೆಪತ್ರಿಕೆ. ಅನೇಕ ಮನೆಗಳಲ್ಲಿ ಆ ವಾರ ಶಿಲುಬೆಯ ಹಾದಿಯೂ ಪಠ್ಯಪುಸ್ತಕವೂ ಒಟ್ಟೊಟ್ಟಿಗೆ ಸಾಗಿದವು.

ಈ ಆತಂಕ ನಮ್ಮ ಮನೆಗಳಿಗೆ ಎಂದಿನಿಂದ ಬಂತು? ನಮ್ಮ ಅಜ್ಜ ಅಜ್ಜಿಯರು ಇದನ್ನು ಇಷ್ಟು ಅನುಭವಿಸಿದ್ದರೇ? ವಿಶೇಷವಾಗಿ ಭದ್ರಾವತಿಯ ನ್ಯೂಟೌನಿನಂತಹ ಕಾರ್ಖಾನೆಯ ಊರಿನಲ್ಲಿ ಅಂಕಪಟ್ಟಿಗೆ ಈ ಪರಿಯ ತೂಕ ಹೇಗೆ ಬಂತು? ಇದರ ಚರಿತ್ರೆಯನ್ನು ತಿಳಿದರೆ ಭಯ ಸ್ವಲ್ಪ ತಗ್ಗೀತು ಎಂಬ ನಂಬಿಕೆಯಿಂದ ಈ ಕೆಲವು ಪುಟಗಳನ್ನು ತಮ್ಮ ಮುಂದಿಡುತ್ತಿದ್ದೇನೆ.

ಪರೀಕ್ಷೆ ಬಂದ ಹಾದಿ

ಬರೆದು ತೋರಿಸುವ ಪರೀಕ್ಷೆ ನಮ್ಮ ನೆಲದಲ್ಲಿ ಹುಟ್ಟಿದ್ದಲ್ಲ. ಇಲ್ಲಿನ ಹಳೆಯ ಕೂಲಿಮಠಗಳಲ್ಲಿ ಮಗು ಮರಳಿನ ಮೇಲೆ ತಿದ್ದಿ, ಬಾಯಿಪಾಠ ಒಪ್ಪಿಸಿ, ಗುರುವಿಗೆ ಒಪ್ಪಿಗೆಯಾದರೆ ಮುಂದಿನ ಪಾಠಕ್ಕೆ ಹೋಗುತ್ತಿತ್ತು. ಚೀನಾ ದೇಶದಲ್ಲಿ ಮಾತ್ರ ಏಳನೆಯ ಶತಮಾನದ ಆರಂಭದಿಂದಲೂ ಸರ್ಕಾರಿ ಅಧಿಕಾರಿಗಳನ್ನು ಲಿಖಿತ ಪರೀಕ್ಷೆಯ ಮೂಲಕ ಆರಿಸುವ ಪದ್ಧತಿ ಬೆಳೆಯಿತು. ಸುಮಾರು ಸಾವಿರದ ಮುನ್ನೂರು ವರ್ಷ ನಡೆದು ಅದು 1905ರಲ್ಲಿ ರದ್ದಾಯಿತು. ಯೂರೋಪಿನಲ್ಲಿ ಯೇಸುಸಭೆಯವರು 1599ರಲ್ಲಿ ತಮ್ಮ ವಿದ್ಯಾಲಯಗಳಿಗೆ ರೂಪಿಸಿದ ಶಿಕ್ಷಣ ನಿಯಮಾವಳಿಯಲ್ಲಿ ಲಿಖಿತ ಪರೀಕ್ಷೆಗೂ ನಿಯಮಗಳಿದ್ದವು. ಬ್ರಿಟಿಷರು 1855ರಲ್ಲಿ ಇಂಡಿಯಾದ ಸಿವಿಲ್ ಸೇವೆಗೆ ಸ್ಪರ್ಧಾತ್ಮಕ ಪರೀಕ್ಷೆಯನ್ನು ತಂದರು. ಎರಡೇ ವರ್ಷಗಳಲ್ಲಿ, ಅಂದರೆ 1857ರಲ್ಲಿ, ಕಲ್ಕತ್ತ, ಮುಂಬಯಿ, ಮದ್ರಾಸ್ ವಿಶ್ವವಿದ್ಯಾನಿಲಯಗಳು ಸ್ಥಾಪನೆಯಾದವು. ಅವುಗಳ ಬಾಗಿಲಲ್ಲಿ ನಿಂತಿದ್ದ ಕಾವಲುಗಾರನೇ ಮೆಟ್ರಿಕ್ಯುಲೇಷನ್ ಪರೀಕ್ಷೆ.

ಮೈಸೂರು ಸಂಸ್ಥಾನದ ಹುಡುಗರು ಬಹುಕಾಲ ಮದ್ರಾಸ್ ವಿಶ್ವವಿದ್ಯಾನಿಲಯದ ಪರೀಕ್ಷೆಗಳನ್ನೇ ಬರೆಯಬೇಕಿತ್ತು. 1916ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ ಸ್ಥಾಪನೆಯಾದ ಮೇಲೆ ಆ ಅವಲಂಬನೆ ಕೊನೆಗೊಂಡಿತು. ಮೆಟ್ರಿಕ್ಯುಲೇಷನ್ ಜಾಗಕ್ಕೆ ಕ್ರಮೇಣ ಎಸ್.ಎಸ್.ಎಲ್.ಸಿ. ಬಂದಿತು. ಆ ನಾಲ್ಕು ಅಕ್ಷರಗಳ ಅರ್ಥವನ್ನು ತಾವು ಒಮ್ಮೆ ಗಮನಿಸಬೇಕು: ಪ್ರೌಢಶಾಲೆಯನ್ನು ಮುಗಿಸಿ ಹೊರಡುವವನಿಗೆ ಕೊಡುವ ಪ್ರಮಾಣಪತ್ರ ಎಂದಷ್ಟೇ ಅದರ ಅರ್ಥ. ಈತ ಇಷ್ಟು ವರ್ಷ ಓದಿದ್ದಾನೆ, ಇನ್ನು ಮುಂದಿನ ದಾರಿಗೆ ಹೋಗಬಹುದು ಎಂದು ಶಾಲೆ ಹೇಳುವ ಮಾತು. ಅದರಲ್ಲಿ ಮಗುವಿನ ಬೆಲೆಯ ಪ್ರಸ್ತಾಪವಿಲ್ಲ. ರಾಜ್ಯದಲ್ಲಿ ಈ ಪರೀಕ್ಷೆಗೆಂದೇ ಪ್ರೌಢ ಶಿಕ್ಷಣ ಪರೀಕ್ಷಾ ಮಂಡಳಿ 1966ರಲ್ಲಿ ಅಸ್ತಿತ್ವಕ್ಕೆ ಬಂದಿತು. 2022ರಲ್ಲಿ ಹತ್ತನೆಯ ತರಗತಿ ಮತ್ತು ಪಿ.ಯು. ಪರೀಕ್ಷೆಗಳೆರಡೂ ಒಂದೇ ಮಂಡಳಿಯ ಅಡಿಗೆ ಬಂದವು.

ಬೆಂಕಿಪುರದಿಂದ ನ್ಯೂಟೌನಿಗೆ

ಈಗ ಭದ್ರಾನದಿಯ ದಡಕ್ಕೆ ಬರೋಣ. ಬೆಂಕಿಪುರವೆಂದು ಹೆಸರಾಗಿದ್ದ ಸಣ್ಣ ಊರು ಕಾರ್ಖಾನೆಯ ಭದ್ರಾವತಿಯಾದದ್ದು ಸರ್ ಎಂ. ವಿಶ್ವೇಶ್ವರಯ್ಯನವರ ಕನಸಿನಿಂದ. 1918ರಲ್ಲಿ ಕಬ್ಬಿಣದ ಕಾರ್ಖಾನೆಯ ಕೆಲಸ ಆರಂಭವಾಗಿ, 1923ರಲ್ಲಿ ಕುಲುಮೆಯಿಂದ ಕಬ್ಬಿಣ ಹೊರಬಂದಿತು. ಕೆಮ್ಮಣ್ಣುಗುಂಡಿಯ ಅದಿರು, ಮಲೆನಾಡಿನ ಕಾಡಿನ ಇದ್ದಿಲು, ಭದ್ರೆಯ ನೀರು ಇವೇ ಅದರ ಬಂಡವಾಳ. ನಷ್ಟದಲ್ಲಿ ನರಳುತ್ತಿದ್ದ ಆ ಕಾರ್ಖಾನೆಯ ಅಧ್ಯಕ್ಷತೆಯನ್ನು ವಿಶ್ವೇಶ್ವರಯ್ಯನವರು 1923ರಿಂದ 1929ರವರೆಗೆ ವಹಿಸಿ, ಸ್ಥಳೀಯರನ್ನೇ ತರಬೇತುಗೊಳಿಸಿ ನಡೆಸಿದರು. 1936ರಲ್ಲಿ ಮೈಸೂರು ಕಾಗದ ಕಾರ್ಖಾನೆಯೂ ಈ ಊರಿಗೆಂದೇ ಹುಟ್ಟಿತು. ನಾಡಿನ ಮಕ್ಕಳು ಬರೆಯುವ ಕಾಗದ ನಮ್ಮ ಊರಿನಲ್ಲೇ ತಯಾರಾಯಿತು!

ಹಳೆಯ ಊರಿನಾಚೆ ಕಾರ್ಖಾನೆಯವರಿಗಾಗಿ ಬೆಳೆದ ಬಡಾವಣೆಯೇ ನ್ಯೂಟೌನ್. ಕೆಲಸ ಅರಸಿ ತಮಿಳುನಾಡು, ಆಂಧ್ರ, ಕೇರಳಗಳಿಂದಲೂ ಕರಾವಳಿಯಿಂದಲೂ ಬಂದ ಕುಟುಂಬಗಳು ಸಾಲುಸಾಲಾದ ಕ್ವಾರ್ಟರ್ಸುಗಳಲ್ಲಿ ನೆಲೆಯೂರಿದವು. ಮನೆಯೊಳಗೆ ತಮಿಳು, ತೆಲುಗು, ಮಲಯಾಳ, ಕೊಂಕಣಿ ಮಾತನಾಡುವ ಮಕ್ಕಳು ಶಾಲೆಯಲ್ಲಿ ಕನ್ನಡ ಕಲಿತು ಪರೀಕ್ಷೆ ಬರೆದರು. ಅವರ ತಂದೆಯರಲ್ಲಿ ಎಷ್ಟೋ ಮಂದಿಗೆ ಪ್ರಶ್ನೆಪತ್ರಿಕೆಯನ್ನು ಓದಲು ಬರುತ್ತಿರಲಿಲ್ಲ. ರಾತ್ರಿ ಪಾಳಿ ಮುಗಿಸಿ ಬಂದು ಹಗಲು ಮಲಗುವ ತಂದೆ, ಹಗಲು ಶಾಲೆಗೆ ಹೋಗಿ ರಾತ್ರಿ ಓದುವ ಮಗ. ಇಬ್ಬರೂ ಎದುರಾಗುತ್ತಿದ್ದುದೇ ಅಪರೂಪ. ಆದರೂ ಆ ತಂದೆಯ ದುಡಿಮೆಯೇ ಮಗನ ಓದಿಗೆ ಆಧಾರ.

ಆ ಕಾಲದಲ್ಲಿ ಒಂದು ಅನುಕೂಲವಿತ್ತು. ಎಸ್.ಎಸ್.ಎಲ್.ಸಿ. ಪಾಸಾದವನಿಗೆ, ಐ.ಟಿ.ಐ. ಮುಗಿಸಿದವನಿಗೆ ಕಾರ್ಖಾನೆಯ ಕೆಲಸ ಕೈಗೆಟಕುವ ಆಸೆಯಾಗಿತ್ತು. ಶೇಕಡಾ ತೊಂಬತ್ತು ಬಾರದಿದ್ದರೂ ಬದುಕು ನಿಲ್ಲುತ್ತಿರಲಿಲ್ಲ. ಫಲಿತಾಂಶದ ದಿನ ಪತ್ರಿಕೆಯಲ್ಲಿ ಮಗನ ನೋಂದಣಿ ಸಂಖ್ಯೆ ಕಂಡರೆ ಸಾಕು, ಮನೆಯಲ್ಲಿ ಪಾಯಸ.

ಆ ಆಧಾರ ಮೆಲ್ಲಮೆಲ್ಲನೆ ಸಡಿಲವಾಯಿತು. ಉಕ್ಕಿನ ಕಾರ್ಖಾನೆ 1989ರಲ್ಲಿ ಉಕ್ಕು ಪ್ರಾಧಿಕಾರದ ಅಧೀನಕ್ಕೆ ಬಂದು 1998ರಲ್ಲಿ ಅದರಲ್ಲಿಯೇ ವಿಲೀನವಾಯಿತು. ಕಾಗದ ಕಾರ್ಖಾನೆಯ ಯಂತ್ರಗಳು 2015ರ ಕೊನೆಯ ಹೊತ್ತಿಗೆ ನಿಂತುಹೋದವು. 2023ರ ಜನವರಿಯಲ್ಲಿ ಉಕ್ಕಿನ ಕಾರ್ಖಾನೆಯನ್ನೂ ಮುಚ್ಚುವ ತೀರ್ಮಾನ ಪ್ರಕಟವಾದಾಗ ಗುತ್ತಿಗೆ ಕಾರ್ಮಿಕರು ದೀರ್ಘ ಹೋರಾಟಕ್ಕೆ ಇಳಿದರು. ಇತ್ತ 1994ರಲ್ಲಿ ಸಿ.ಇ.ಟಿ. ಬಂದು, ವೃತ್ತಿಶಿಕ್ಷಣದ ಬಾಗಿಲು ಅಂಕ ಮತ್ತು ರ‍್ಯಾಂಕಿನ ಮೂಲಕವೇ ತೆರೆಯುವಂತಾಯಿತು. ಬಡವರ ಮಕ್ಕಳೂ ಇಂಜಿನಿಯರ್, ವೈದ್ಯರಾಗಲು ಅದು ನೆರವಾಯಿತೆಂಬುದು ನಿಜ. ಆದರೆ ಕಾರ್ಖಾನೆಯ ಬಾಗಿಲು ಮುಚ್ಚುತ್ತಾ ಬಂದ ಊರಿನಲ್ಲಿ ಮಗುವಿನ ಅಂಕಪಟ್ಟಿಯೇ ಇಡೀ ಕುಟುಂಬದ ಪಿಂಚಣಿಯಂತೆ ಕಾಣತೊಡಗಿತು. ತಂದೆಯ ಕೆಲಸದ ಭಯ ಮಗಳ ಪುಸ್ತಕದ ಚೀಲಕ್ಕೆ ಸೇರಿಕೊಂಡಿತು. ಹದಿನಾರು ವರ್ಷದ ಹೆಗಲು ಎಷ್ಟು ಭಾರ ಹೊರಬಲ್ಲದು, ತಾವೇ ಯೋಚಿಸಿ.

ಎರಡು ಮನೆಗಳು, ಎರಡು ಸೋಲುಗಳು

ಕುಂಭಕೋಣದ ಶ್ರೀನಿವಾಸ ರಾಮಾನುಜನ್ ಅವರ ಕಥೆ ತಮಗೆ ತಿಳಿದಿದೆ. ಗಣಿತವೊಂದನ್ನು ಬಿಟ್ಟು ಉಳಿದ ವಿಷಯಗಳಲ್ಲಿ ಹಿಂದೆ ಬಿದ್ದು, ಕಾಲೇಜಿನ ವಿದ್ಯಾರ್ಥಿವೇತನವನ್ನು ಕಳೆದುಕೊಂಡ ಆ ಹುಡುಗ 1905ರಲ್ಲಿ, ಹದಿನೇಳರ ಪ್ರಾಯದಲ್ಲಿ, ಮನೆಯಲ್ಲಿ ಹೇಳದೆ ವಿಶಾಖಪಟ್ಟಣದ ಕಡೆಗೆ ಹೊರಟುಹೋದ. ಹುಡುಗ ಕಾಣೆಯಾದ ಸುದ್ದಿ ಪತ್ರಿಕೆಯಲ್ಲಿ ಬಂತು. ಅವನು ಹಿಂದಿರುಗಿದ ಮೇಲೂ ಎಫ್.ಎ. ಪರೀಕ್ಷೆ ಕೈಗೂಡಲಿಲ್ಲ. ಮುಂದೆ ಜಗತ್ತೇ ಮೆಚ್ಚಿದ ಗಣಿತಜ್ಞನಾದದ್ದನ್ನು ನಾವು ಹೆಮ್ಮೆಯಿಂದ ಹೇಳುತ್ತೇವೆ. ಆದರೆ ಆ ಮಗ ಎಲ್ಲಿದ್ದಾನೆಂದು ತಿಳಿಯದೆ ತಾಯಿ ಕಳೆದ ದಿನಗಳನ್ನು ನೆನೆಯುವವರು ಕಡಿಮೆ. ಹಿಂದಿರುಗಿ ಬಂದದ್ದರಿಂದಲೇ ಉಳಿದ ಕಥೆ ಸಾಧ್ಯವಾಯಿತು.

ಇನ್ನೊಂದು ಮನೆ ನಮ್ಮ ಮೈಸೂರಿನದು. ಮಹಾರಾಜ ಕಾಲೇಜು ಹೈಸ್ಕೂಲಿನ ಮುಖ್ಯೋಪಾಧ್ಯಾಯರ ಮಗನೊಬ್ಬ ವಿಶ್ವವಿದ್ಯಾನಿಲಯದ ಪ್ರವೇಶ ಪರೀಕ್ಷೆಯಲ್ಲಿ ನಪಾಸಾದ. ಅದೂ ಇಂಗ್ಲಿಷ್ ವಿಷಯದಲ್ಲಿ! ಊರಿನ ಮಕ್ಕಳನ್ನೆಲ್ಲ ಪರೀಕ್ಷೆಗೆ ಸಿದ್ಧಪಡಿಸುವ ಮುಖ್ಯೋಪಾಧ್ಯಾಯರಿಗೆ ಇದು ಎಷ್ಟು ಮುಜುಗರದ ಸಂಗತಿ ಎಂದು ಊಹಿಸಬಹುದು. ಆದರೂ ಆ ಹುಡುಗ ಒಂದು ವರ್ಷ ಮನೆಯಲ್ಲೇ ಉಳಿದು, ಮನಸ್ಸಿಗೆ ಬಂದ ಪುಸ್ತಕಗಳನ್ನು ಓದಿ, ಮೈಸೂರಿನ ರಸ್ತೆಗಳಲ್ಲಿ ಅಲೆದಾಡಿದ. ಮತ್ತೆ ಬರೆದು ಪಾಸಾಗಿ 1930ರಲ್ಲಿ ಪದವೀಧರನಾದ. 1935ರಲ್ಲಿ ಅವನ ಮೊದಲ ಕಾದಂಬರಿ 'ಸ್ವಾಮಿ ಅಂಡ್ ಫ್ರೆಂಡ್ಸ್' ಇಂಗ್ಲಿಷಿನಲ್ಲೇ ಪ್ರಕಟವಾಯಿತು. ಅವರೇ ಆರ್.ಕೆ. ನಾರಾಯಣ್. ಸೋತ ಆ ವರ್ಷವನ್ನು ಮನೆ ಸಹಿಸಿಕೊಂಡಿತ್ತು.

ನಾರಾಯಣರು ಇದನ್ನು ಮರೆಯಲಿಲ್ಲವೆಂದು ತೋರುತ್ತದೆ. ರಾಜ್ಯಸಭೆಯ ನಾಮನಿರ್ದೇಶಿತ ಸದಸ್ಯರಾಗಿದ್ದಾಗ, 1989ರಲ್ಲಿ ಅವರು ತಮ್ಮ ಮಾತಿಗೆ ಆರಿಸಿಕೊಂಡ ವಿಷಯ ಶಾಲಾ ಮಕ್ಕಳ ಬೆನ್ನಿನ ಚೀಲ. ಕಳೆದುಹೋಗುತ್ತಿರುವ ಬಾಲ್ಯದ ಪರವಾಗಿ ಅವರು ವಾದಿಸಿದರು. ಆ ಚರ್ಚೆಯ ಫಲವಾಗಿ 1992ರಲ್ಲಿ ವಿಜ್ಞಾನಿ ಪ್ರೊ. ಯಶ್‌ಪಾಲ್ ಅವರ ಅಧ್ಯಕ್ಷತೆಯಲ್ಲಿ ಸಮಿತಿ ರಚನೆಯಾಗಿ, 1993ರಲ್ಲಿ 'ಹೊರೆಯಿಲ್ಲದ ಕಲಿಕೆ' ಎಂಬರ್ಥದ ಹೆಸರಿನ ವರದಿ ಬಂತು. ಚೀಲದ ಭಾರಕ್ಕಿಂತಲೂ, ಅರ್ಥವಾಗದುದನ್ನು ಓದಬೇಕಾದ ಭಾರವೇ ದೊಡ್ಡದೆಂದು ಅದು ಎಚ್ಚರಿಸಿತು.

ಅಳತೆಗೋಲೇ ಬದಲಾದಾಗ

ಅಂಕವನ್ನು ಮಗುವಿನ ಸ್ಥಿರವಾದ ಅಳತೆಯೆಂದು ನಂಬುವವರು ಕಳೆದ ಕೆಲವು ವರ್ಷಗಳನ್ನು ನೆನಪಿಸಿಕೊಳ್ಳಬೇಕು. 2016ರಲ್ಲಿ ದ್ವಿತೀಯ ಪಿ.ಯು. ರಸಾಯನಶಾಸ್ತ್ರದ ಪ್ರಶ್ನೆಪತ್ರಿಕೆ ಎರಡು ಬಾರಿ ಸೋರಿಕೆಯಾಗಿ, ತಪ್ಪು ಮಾಡದ ಲಕ್ಷಾಂತರ ಮಕ್ಕಳು ಏಪ್ರಿಲ್ 12ರವರೆಗೆ ಕಾಯಬೇಕಾಯಿತು. 2020ರಲ್ಲಿ ಕೊರೋನಾದ ನಡುವೆ ಎಂಟು ಲಕ್ಷಕ್ಕೂ ಹೆಚ್ಚು ಮಕ್ಕಳಿಗೆ ಜೂನ್ 25ರಿಂದ ಮುಖಗವಸಿನೊಡನೆ ಎಸ್.ಎಸ್.ಎಲ್.ಸಿ. ಪರೀಕ್ಷೆ ನಡೆಯಿತು. ಮರುವರ್ಷ ಜುಲೈ 19 ಮತ್ತು 22, ಎರಡೇ ದಿನಗಳಲ್ಲಿ ಬಹುಆಯ್ಕೆಯ ಪ್ರಶ್ನೆಗಳೊಂದಿಗೆ ಎಲ್ಲ ವಿಷಯಗಳೂ ಮುಗಿದು, ಬರೆದ ಬಹುತೇಕ ಎಲ್ಲರೂ ತೇರ್ಗಡೆಯಾದರು. 2023ರಲ್ಲಿ ಶೇಕಡಾ 83.89 ಇದ್ದ ಫಲಿತಾಂಶ, ಪರೀಕ್ಷಾ ಕೊಠಡಿಗಳಿಗೆ ಕ್ಯಾಮೆರಾ ಕಣ್ಗಾವಲು ಬಂದ 2024ರಲ್ಲಿ, ಕೃಪಾಂಕಗಳನ್ನು ಹೆಚ್ಚಿಸಿದ ಮೇಲೂ 73.40ಕ್ಕೆ ಇಳಿಯಿತು. ಒಂದೇ ವರ್ಷದಲ್ಲಿ ನಾಡಿನ ಮಕ್ಕಳ ಬುದ್ಧಿ ಕುಗ್ಗಿತೇ? ಇಲ್ಲ, ಅಳೆಯುವ ರೀತಿ ಬದಲಾಯಿತು. ಅದೇ ವರ್ಷ ಒಂದರ ಬದಲು ಮೂರು ಪರೀಕ್ಷೆಗಳ ಅವಕಾಶವೂ ಬಂತು. 'ಇದೇ ಕೊನೆಯ ಅವಕಾಶ' ಎಂಬ ಮಾತಿಗೆ ಮೊದಲೇ ಆಧಾರ ಕಡಿಮೆಯಿತ್ತು. ಈಗ ಇನ್ನೂ ಕಡಿಮೆ.

ಹೆತ್ತವರ ಪಾಲಿನ ಕೆಲಸ

ಹಾಗಾದರೆ ಪರೀಕ್ಷೆಯನ್ನು ಹಗುರವಾಗಿ ಕಾಣಬೇಕೆ? ಖಂಡಿತ ಅಲ್ಲ. ಶ್ರದ್ಧೆಯಿಂದ ಓದುವುದು ಮಗುವಿನ ಕರ್ತವ್ಯ. ಹೆತ್ತವರ ಕರ್ತವ್ಯ ಬೇರೆಯೇ ಇದೆ. ಹೊತ್ತಿಗೆ ಊಟ, ಸಾಕಷ್ಟು ನಿದ್ದೆ, ಗಲಾಟೆಯಿಲ್ಲದ ಒಂದು ಮೂಲೆ, ಇವಿಷ್ಟನ್ನು ಓದು ಬರಹ ತಿಳಿಯದ ತಾಯಿಯೂ ಒದಗಿಸಬಲ್ಲಳು. ಹಿಂದೆ ಒದಗಿಸಿಯೂ ಇದ್ದಾಳೆ. ಪರೀಕ್ಷೆ ಮುಗಿಸಿ ಬಂದ ಮಗನನ್ನು ಬಾಗಿಲಲ್ಲೇ ನಿಲ್ಲಿಸಿ ಒಂದೊಂದು ಉತ್ತರವನ್ನೂ ವಿಚಾರಿಸದೆ, ಮೊದಲು ಕೈಕಾಲು ತೊಳೆದು ಊಟ ಮಾಡು ಎನ್ನೋಣ. ಪಕ್ಕದ ಮನೆಯ ಹುಡುಗಿಯ ಅಂಕವನ್ನು ಊಟದ ತಟ್ಟೆಯ ಮುಂದೆ ತರುವುದು ಬೇಡ. ಫಲಿತಾಂಶಕ್ಕೆ ಮೊದಲೇ, ಏನೇ ಬಂದರೂ ಈ ಮನೆ ನಿನ್ನದೇ ಎಂಬ ಮಾತನ್ನು ಬಾಯಿಬಿಟ್ಟು ಹೇಳೋಣ. ಅದು ಮಕ್ಕಳಿಗೆ ತಾನಾಗಿಯೇ ಗೊತ್ತಿರುತ್ತದೆ ಎಂದುಕೊಳ್ಳುವುದು ಬೇಡ.

ಮಗು ಊಟ ಬಿಟ್ಟರೆ, ನಿದ್ದೆಗೆಟ್ಟರೆ, ಗೆಳೆಯರಿಂದ ದೂರ ಸರಿದು ಮಾತು ಕಡಿಮೆ ಮಾಡಿದರೆ ಅದನ್ನು ಸೋಮಾರಿತನವೆಂದು ಗದರದೆ ಹತ್ತಿರ ಕುಳಿತು ಕೇಳಬೇಕು. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416, ಮಕ್ಕಳ ಸಹಾಯವಾಣಿ 1098. ಈ ಎರಡು ಸಂಖ್ಯೆಗಳು ಕ್ಯಾಲೆಂಡರಿನ ಪಕ್ಕದಲ್ಲಿ ಬರೆದಿರಲಿ. ಧರ್ಮಕೇಂದ್ರದ ಗುರುಗಳು, ಶಾಲೆಯ ಶಿಕ್ಷಕರು, ಮನೆಯ ಹಿರಿಯರು, ಮಗು ಯಾರೊಡನೆ ಸಲುಗೆಯಿಂದ ಮಾತನಾಡುವುದೋ ಅವರ ನೆರವನ್ನೂ ಪಡೆಯೋಣ.

ಕೊನೆಯದಾಗಿ ನಮ್ಮ ಊರನ್ನು ಕಟ್ಟಿದವರ ಮಾತಿಗೆ ಮರಳುತ್ತೇನೆ. ಹದಿಹರೆಯದಲ್ಲೇ ತಂದೆಯನ್ನು ಕಳೆದುಕೊಂಡ ವಿಶ್ವೇಶ್ವರಯ್ಯನವರು ಬೆಂಗಳೂರಿನಲ್ಲಿ ಸೋದರಮಾವನ ಆಶ್ರಯದಲ್ಲಿದ್ದು, ಮಕ್ಕಳಿಗೆ ಮನೆಪಾಠ ಹೇಳಿ ಖರ್ಚು ನೀಗಿಸಿಕೊಂಡು 1881ರಲ್ಲಿ ಬಿ.ಎ. ಮುಗಿಸಿದರು. ಪರೀಕ್ಷೆಗಳಲ್ಲಿ ಮೊದಲ ಸಾಲಿನಲ್ಲಿ ನಿಂತವರು ಅವರು. ಆದರೂ ಭದ್ರಾವತಿ ಕಾರ್ಖಾನೆಯ ಸೇವೆಗಾಗಿ ತಮಗೆ ಸಲ್ಲಬೇಕಾದ ಸಂಭಾವನೆಯನ್ನು ಅವರು ತಮಗೆಂದು ಇಟ್ಟುಕೊಳ್ಳಲಿಲ್ಲ. ತರುಣರಿಗೆ ಕೈಕಸುಬು ಕಲಿಸುವ ಸಂಸ್ಥೆಯೊಂದಕ್ಕೆ ಅದು ವಿನಿಯೋಗವಾಗಲೆಂದರು. ಬೆಂಗಳೂರಿನಲ್ಲಿ 1943ರಲ್ಲಿ ಆರಂಭವಾದ ಶ್ರೀ ಜಯಚಾಮರಾಜೇಂದ್ರ ವೃತ್ತಿಶಿಕ್ಷಣ ಸಂಸ್ಥೆ ಹೀಗೆ ಹುಟ್ಟಿತು. ನಾಡಿಗೆ ರ‍್ಯಾಂಕ್ ಪಡೆದವರಷ್ಟೇ ಸಾಲದು, ಲೇತ್ ತಿರುಗಿಸುವ, ತಂತಿ ಜೋಡಿಸುವ ಕೈಗಳೂ ಬೇಕೆಂದು ಅವರು ಬಲ್ಲವರಾಗಿದ್ದರು. ನ್ಯೂಟೌನಿನ ಬೀದಿಗಳನ್ನು ತುಂಬಿದ್ದೂ ಅಂಥ ಕೈಗಳೇ. ನಮ್ಮಲ್ಲಿ ಹಲವರು ಆ ಕೈಗಳ ಅನ್ನ ಉಂಡು ಬೆಳೆದವರು.

ಈ ಸಲ ಫಲಿತಾಂಶ ಬಂದ ದಿನ, ಅಂಕಪಟ್ಟಿಯನ್ನು ನೋಡುವ ಮೊದಲು ಮಗುವಿನ ಮುಖವನ್ನು ನೋಡೋಣ. ಅಂಕ ಎಷ್ಟೇ ಇರಲಿ, ಆ ಸಂಜೆ ಎಲ್ಲರೂ ಒಟ್ಟಿಗೆ ಊಟಕ್ಕೆ ಕುಳಿತುಕೊಳ್ಳೋಣ.