ಎಂಜಿನ್ ಅತಿಬಿಸಿ (ನಿಂತ ಸ್ಥಿತಿಯಲ್ಲಿ)

ಕಾರು ಓಡುವಾಗ ಸರಿಯಿದ್ದು, ನಿಂತು ಎಂಜಿನ್ ಚಾಲೂ ಇರುವಾಗ ಮಾತ್ರ ತಾಪಮಾನ ಮಿತಿಮೀರುವ ದೋಷ. ಹುಬ್ಬಳ್ಳಿ–ಧಾರವಾಡದ ನಡುವಿನ ನವನಗರದಲ್ಲಿ ಪಿ.ಬಿ. ರಸ್ತೆಯ ಸಿಗ್ನಲ್‌ಗೆ ಬೇಸಿಗೆಯ ಮಧ್ಯಾಹ್ನ ನಿಂತ ಕಾರುಗಳಲ್ಲಿ ಇದು ಬೇಗ ಬಯಲಾಗುತ್ತದೆ.

ಕಾರಣ: ಓಡುವ ಕಾರಿನ ರೇಡಿಯೇಟರ್‌ಗೆ ಗಾಳಿ ತಾನೇ ನುಗ್ಗುತ್ತದೆ, ನಿಂತಾಗ ಫ್ಯಾನ್ ಎಳೆದ ಗಾಳಿಯೊಂದೇ ಆಧಾರ. ಹೀಗಾಗಿ ಮೊದಲ ಸಂಶಯ ಫ್ಯಾನ್ ಮೋಟಾರು, ಫ್ಯೂಸ್, ರಿಲೇ ಮತ್ತು ತಾಪ ಸೆನ್ಸರ್ ಮೇಲೆ. ಕೂಲಂಟ್ ಕೊರತೆ, ಪೈಪುಗಳಲ್ಲಿ ಸಿಕ್ಕ ಗಾಳಿ, ಸವೆದ ವಾಟರ್ ಪಂಪ್, ಧೂಳು ಕಟ್ಟಿದ ರೇಡಿಯೇಟರ್ ಇತರ ಕಾರಣಗಳು.

ಪತ್ತೆ: ಎಂಜಿನ್ ತಣ್ಣಗಿದ್ದಾಗ ಕೂಲಂಟ್ ಮಟ್ಟ ನೋಡಬೇಕು. ಬಳಿಕ ಚಾಲೂ ಮಾಡಿ ಎ.ಸಿ. ಹಾಕಬೇಕು; ಹೆಚ್ಚಿನ ಕಾರುಗಳಲ್ಲಿ ಆಗ ಫ್ಯಾನ್ ತಿರುಗುತ್ತದೆ. ತಿರುಗದಿದ್ದರೆ ಮೋಟಾರಿಗೆ ಬ್ಯಾಟರಿಯಿಂದ ನೇರ ವಿದ್ಯುತ್ ಕೊಡಬೇಕು: ಆಗ ತಿರುಗಿದರೆ ದೋಷ ಫ್ಯೂಸ್, ರಿಲೇ, ಸೆನ್ಸರ್ ಅಥವಾ ವೈರಿಂಗ್‌ನಲ್ಲಿದೆ, ತಿರುಗದಿದ್ದರೆ ಮೋಟಾರಿನಲ್ಲೇ. ಹೆದ್ದಾರಿಯಲ್ಲೂ ಬಿಸಿಯೇರಿದರೆ ಥರ್ಮೋಸ್ಟಾಟ್ ಅಥವಾ ಒಳಗೆ ಕಟ್ಟಿಕೊಂಡ ರೇಡಿಯೇಟರನ್ನು ಪರೀಕ್ಷಿಸಬೇಕು. ಸೋರಿಕೆ ಕಾಣದೆಯೂ ಕೂಲಂಟ್ ಕಡಿಮೆಯಾಗಿ ಸೈಲೆನ್ಸರ್‌ನಿಂದ ಬಿಳಿ ಹೊಗೆ ಬಂದರೆ ಹೆಡ್ ಗ್ಯಾಸ್ಕೆಟ್ ಹೋಗಿರುವ ಸಾಧ್ಯತೆಯಿದೆ.

ದುರಸ್ತಿ: ಕೆಟ್ಟ ಭಾಗ ಬದಲಿಸಿ, ರೇಡಿಯೇಟರ್ ರೆಕ್ಕೆಗಳನ್ನು ಕಡಿಮೆ ಒತ್ತಡದ ನೀರಿನಿಂದ ತೊಳೆದು, ತಯಾರಕರು ಹೇಳಿದ ಕೂಲಂಟ್ ತುಂಬಿ ಗಾಳಿ ಹೊರಬಿಡಬೇಕು. ನಲ್ಲಿ ಅಥವಾ ಬೋರ್‌ವೆಲ್ ನೀರು ಒಳಗೆ ಗಸಿ ಕಟ್ಟಿಸುತ್ತದೆ. ಕೂಲಂಟ್‌ಗೆ ನೀರು ಬೆರೆಸುವುದಾದರೆ ಡಿಸ್ಟಿಲ್ಡ್ ವಾಟರ್ ಬಳಸಬೇಕು.

ಎಚ್ಚರಿಕೆ: ತಾಪಮಾನ ಮಾಪಕದ ಮುಳ್ಳು ಕೆಂಪಿಗೇರಿದರೆ ಕಾರನ್ನು ಬದಿಗೆ ನಿಲ್ಲಿಸಿ ಎಂಜಿನ್ ಬಂದ್ ಮಾಡಬೇಕು. ಬಿಸಿಯಿರುವಾಗ ರೇಡಿಯೇಟರ್ ಮುಚ್ಚಳ ತೆಗೆಯಲೇಬಾರದು. ಒತ್ತಡದಲ್ಲಿರುವ ಕುದಿನೀರು ಚಿಮ್ಮಿ ಮೈ ಸುಡುತ್ತದೆ.